ಏಳೂವರೆದು

ಗುತ್ತಲು ರಸ್ತೆಯ ನನ್ನ ಅಂಗಡಿಯಲ್ಲಿ
ಲೈನಿಂಗ್ ಬಟ್ಟೆಯ ಸುರುಳಿಗಳ ಮೇಲೆ
ಒಂದು ಸಣ್ಣ ಟೀವಿ.
ಆ ಧಾರಾವಾಹಿಗೆ ಹೆಸರೇನೋ ಇದೆ, ಯಾರೂ ಕರೆಯುವುದಿಲ್ಲ.
ಏಳೂವರೆದು ಅನ್ನುತ್ತಾರೆ,
ಮನೆಯ ಮಕ್ಕಳನ್ನು ದೊಡ್ಡೋಳು, ಸಣ್ಣೋನು ಅಂದ ಹಾಗೆ.

ಹುಕ್ಕು ಹಾಕುವ ಹೊಂಬಾಳಮ್ಮ,
ಫಾಲು ಹೊಲಿಯುವ ಶಮೀಮಕ್ಕ,
ಕಾಜಾ ಕಟ್ಟುವ ತೇಜಾವತಿ,
ಕೆಲಸವಿಲ್ಲದಿದ್ದರೂ ಬರುವ ಬಳೆಯಂಗಡಿ ನಿಂಗಾಜಮ್ಮ,
ಏಳು ಇಪ್ಪತ್ತೈದಕ್ಕೇ ಸೂಜಿಗೆ ದಾರ ಪೋಣಿಸಿ ತಯಾರು.

ಮೊದಮೊದಲು ಹೇಗಿತ್ತು ಅದು!
ಸುನೇತ್ರ ಮಾವನ ಎದುರಿಗೇ
ಊಟದ ತಟ್ಟೆ ಹಿಂದಕ್ಕೆ ತಳ್ಳಿದ ರಾತ್ರಿ
ನಾಲ್ಕು ಹುಕ್ಕು ಉಲ್ಟಾ ಕೂತವು.
ನಾನು ಬಯ್ಯಲಿಲ್ಲ. ನಾನೂ ಕತ್ತರಿ ಕೆಳಗಿಟ್ಟಿದ್ದೆ.

ಈಗ ಮೂರು ವಾರದಿಂದ
ಸುನೇತ್ರ ಮೆಟ್ಟಿಲು ಇಳಿಯುತ್ತಿದ್ದಾಳೆ.
ಅತ್ತೆ ತಿರುಗಿ ನೋಡುತ್ತಾಳೆ, ಮೂರು ಸಲ,
ಮೂರು ಸಲವೂ ಸಿಡಿಲು.
ಸತ್ತಿದ್ದ ಮೈದುನ ವಾಪಸು ಬಂದ,
ಮುಖ ಬೇರೆ, ಅಂಗಿ ಮಾತ್ರ ಅದೇ.

'ಪಾಪ, ಆ ಹುಡ್ಗಿಗೆ ಕಾಮಾಲೆಯಂತೆ,
ಅದ್ಕೇ ಬರೀ ಬೆನ್ನು ತೋರುಸ್ತಾವ್ರೆ' ಅಂದಳು ತೇಜಾವತಿ.
ಯಾರು ಹೇಳಿದರು? ಯಾರೂ ಹೇಳಿಲ್ಲ.
'ಆಷಾಢ ಕಣಮ್ಮಿ,' ಹೊಂಬಾಳಮ್ಮನ ತೀರ್ಪು,
'ಆಷಾಢ್ದಲ್ಲಿ ಯಾವ್ದು ತಾನೆ ಮುಂದುಕ್ ಹೋದದು?'
ಬರೆಯುವವನ ಮನೆಯಲ್ಲಿ ಸಾವಾಗಿರಬೇಕು.
ಕ್ರಿಕೆಟ್ಟು ಮುಗಿಯಲಿ ಅಂತ ಎಳೆಯುತ್ತಿರಬೇಕು.
ಶಮೀಮಕ್ಕನದು ಎಲ್ಲಕ್ಕಿಂತ ಮೇಲು:
ಬುಧವಾರ ಹತ್ತು ನಿಮಿಷ ಕರೆಂಟು ಹೋಗಿತ್ತಲ್ಲ,
'ಚೆನ್ನಾಗಿರೋದೆಲ್ಲ ಅವಾಗ್ಲೇ ಆಗೋಗದೆ.'

ಹೌದು ಹೌದು ಅಂದರು ಎಲ್ಲರೂ.
ರಾತ್ರಿಯ ಮರುಪ್ರಸಾರದಲ್ಲಿ ಖಾತ್ರಿ ಮಾಡಿಕೊಳ್ಳಲು
ಒಬ್ಬರೂ ಹೋಗಲಿಲ್ಲ.
ಆ ಹತ್ತು ನಿಮಿಷದ ಕತ್ತಲಲ್ಲಿ
ಏನೇನು ನಡೆದಿರಬಹುದೆಂದು
ವಾರವಿಡೀ ಒಬ್ಬರಿಗೊಬ್ಬರು ಹೇಳಿಕೊಂಡರು.
ನಿಜಕ್ಕೂ ಚೆನ್ನಾಗಿತ್ತು ಅದು.

ನಾನು ಮೂವತ್ತೊಂದು ವರ್ಷದಿಂದ ಟೈಲರು.
ನೆಪ ನನಗೆ ಕುಲಕಸುಬು.
ಗುಂಡಿ ಬಂದಿಲ್ಲ, ಮೋಟರು ಸುಟ್ಟಿದೆ,
ಊರಿಗೆ ಹೋದ ಹುಡುಗ ಊರಲ್ಲೇ ಉಳಿದ,
ನಾಳೆ ಬನ್ನಿ, ಬರೀ ಇಸ್ತ್ರಿ ಬಾಕಿ
ಅನ್ನುವಾಗ ಬಟ್ಟೆಗೆ ಕತ್ತರಿಯೇ ಬಿದ್ದಿರುವುದಿಲ್ಲ.
ಇಷ್ಟು ವರ್ಷದಲ್ಲಿ ಒಬ್ಬರೂ ನಂಬಿದ್ದಿಲ್ಲ.
ಹಾಗಾಗಿ ಹೊಟ್ಟೆಕಿಚ್ಚು, ಸುಳ್ಳೇಕೆ.

ಶ್ರಾವಣ ಬಂತು. ಸುನೇತ್ರ ಇನ್ನೂ ಮೆಟ್ಟಿಲ ಮೇಲೆ.
ತಂಗಿಮಗಳ ಮದುವೆಗೆಂದು ಹೊಂಬಾಳಮ್ಮ
ನನ್ನ ಕೈಲೇ ಹೊಲಿಸಿದ ರವಿಕೆ
ತೋಳಲ್ಲಿ ಎರಡು ಬೆರಳು ಬಿಗಿ.
ಬಟ್ಟೆ ಕುಗ್ಗಿರುತ್ತದೆ ಅಂದೆ.
ಆಷಾಢದಲ್ಲಿ ಕತ್ತರಿಸಿದ್ದು ನೋಡು, ಅಂದೆ ನಗುತ್ತಾ.
ಅವಳು ನಗಲಿಲ್ಲ.
'ಏಳೂವರೆದೋನು ನನ್ ತೋಳ್ ಅಳ್ತೆ ತಕ್ಕಂಡಿರ್ನಿಲ್ಲ.
ನೀನ್ ತಕ್ಕಂಡಿದ್ದೆ.'
ರವಿಕೆಯನ್ನು ನನ್ನ ಮಿಷನ್ನಿನ ಮೇಲಿಟ್ಟು
ಹುಕ್ಕಿನ ಡಬ್ಬಿ ಎಳೆದುಕೊಂಡಳು.

ರಾತ್ರಿ ಹನ್ನೊಂದಕ್ಕೆ ಮರುಪ್ರಸಾರ.
ಷಟರು ಅರ್ಧ ಇಳಿಸಿ
ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಚ್ಚುತ್ತಿದ್ದೆ.
ಒಳಗೆ ಮಡಚಿ ಬಿಟ್ಟ ಬಟ್ಟೆ ಒಂದೂವರೆ ಬೆರಳಿತ್ತು.
ಉಳಿದರ್ಧಕ್ಕೆ ಏನು ಮಾಡುವುದೋ ತಿಳಿಯದು.
ಎದುರಿಗೆ ಸುನೇತ್ರ, ಮೆಟ್ಟಿಲು, ಸಿಡಿಲು.
ಅವಳ ಹಿಂದಿನ ಕಿಟಕಿಯಲ್ಲಿ
ಒಂದು ಸಲ ಮಧ್ಯಾಹ್ನ, ಒಂದು ಸಲ ಸಂಜೆ,
ಆಡುವ ಮಾತು ಒಂದೇ ಇದ್ದಾಗಲೂ.

ಹೊತ್ತು ಮುಳುಗಿರಬೇಕು ಪಾಪ, ಅಂದೆ ಗಟ್ಟಿಯಾಗಿ.
ಕೊನೆ ಬಸ್ಸಿಗೆ ಹೋಗುವವರು ಯಾರಾದರೂ ಇದ್ದಿರಬೇಕು.

ಹೌದು ಅನ್ನಲು ಅಂಗಡಿಯಲ್ಲಿ ಯಾರಿರಲಿಲ್ಲ.
ತೊಡೆಯ ಮೇಲಿನ ದಾರದ ಚೂರು ಕೊಡವಿ
ಸದ್ದು ಒಂದು ಗೆರೆ ಜಾಸ್ತಿ ಮಾಡಿದೆ.